ಒಮ್ಮೆ ಚಕ್‌ಗೆ ಕಟ್ಟಿದ ಜಾಬ್ ಪೂರ್ತಿಯಾಗಿಯೇ ಇಳಿಯಲಿ

ಮಾನ್ಯ ಸಂಪಾದಕರಿಗೆ,

ಕಲಬುರಗಿಯ ಸಣ್ಣ ಕೈಗಾರಿಕೆಗಳ ಬಗ್ಗೆ ಸಭೆ ನಡೆದಾಗಲೆಲ್ಲ ಹೊಸ ಯಂತ್ರ, ಹೊಸ ಶೆಡ್ಡು, ಹೊಸ ಸಹಾಯಧನ ಇವುಗಳ ಸುತ್ತಲೇ ಮಾತು ಸುತ್ತುತ್ತದೆ. ಈಗಾಗಲೇ ಇರುವ ಲೇಥ್‌ಗಳಲ್ಲಿ (ಲೋಹದ ತುಂಡನ್ನು ತಿರುಗಿಸುತ್ತ ಕೊರೆಯುವ ಯಂತ್ರ) ಕೆಲಸದ ಕ್ರಮವನ್ನು ಬದಲಿಸಿದರೆ ಎಷ್ಟು ಹೊತ್ತು ಉಳಿಯುತ್ತದೆ, ಮಾಲು ಎಷ್ಟು ಸುಧಾರಿಸುತ್ತದೆ ಎಂಬ ಪ್ರಶ್ನೆ ಅಲ್ಲಿ ಬರುವುದೇ ಇಲ್ಲ. ಹಲವು ವರ್ಷ ಟರ್ನರ್ ಆಗಿ, ಅಂದರೆ ಲೇಥ್ ನಡೆಸುವವನಾಗಿ ದುಡಿದು, ಈಗ ಹುಮನಾಬಾದ್ ರಸ್ತೆಯ ಕಪನೂರ ಕೈಗಾರಿಕಾ ಪ್ರದೇಶದಲ್ಲಿ ಸಣ್ಣದೊಂದು ವರ್ಕ್‌ಶಾಪ್ ನಡೆಸುತ್ತಿರುವ ನನಗೆ ಆ ಪ್ರಶ್ನೆಯೇ ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಒಂದು ಜಾಬನ್ನು, ಅಂದರೆ ಕೆಲಸಕ್ಕೆ ಬಂದ ಲೋಹದ ತುಂಡನ್ನು, ಒಮ್ಮೆ ಚಕ್‌ಗೆ (ಅದನ್ನು ಬಿಗಿಯಾಗಿ ಹಿಡಿದು ತಿರುಗಿಸುವ ಲೇಥ್‌ನ ಭಾಗ) ಕಟ್ಟಿದ ಮೇಲೆ ಅದರ ಮೇಲೆ ಮಾಡಬಹುದಾದ ಕೆಲಸವನ್ನೆಲ್ಲ ಅದೇ ಲೇಥ್‌ನಲ್ಲಿ, ಅದೇ ಕಟ್ಟಿನಲ್ಲಿ ಮುಗಿಸಿಯೇ ಇಳಿಸಬೇಕು ಎಂಬುದನ್ನು ನಮ್ಮ ಜಿಲ್ಲೆಯ ವರ್ಕ್‌ಶಾಪ್ ಮಾಲೀಕರ, ಐಟಿಐ ಬೋಧಕರ ಮತ್ತು ಕೈಗಾರಿಕಾ ಇಲಾಖೆಯವರ ಗಮನಕ್ಕೆ ತರಲು ಈ ಪತ್ರ ಬರೆಯುತ್ತಿದ್ದೇನೆ.

ನಮ್ಮಲ್ಲಿಗೆ ಬರುವ ಕೆಲಸ ಎಂಥದ್ದು ಎಂಬುದನ್ನು ಮೊದಲು ಹೇಳಬೇಕು. ತೊಗರಿಯ ನಾಡಾದ ಇಲ್ಲಿ ದಾಲ್ ಮಿಲ್‌ಗಳದ್ದೇ ದೊಡ್ಡ ಪಾಲು. ಅವುಗಳ ಶಾಫ್ಟ್, ಪುಲ್ಲಿ, ಬುಷ್, ಬೇರಿಂಗ್ ಹೌಸಿಂಗ್, ಎಲಿವೇಟರ್‌ನ ಬಿಡಿಭಾಗ ಇವೆಲ್ಲ ಐದು, ಹತ್ತು, ಹೆಚ್ಚೆಂದರೆ ಇಪ್ಪತ್ತರ ಲೆಕ್ಕದಲ್ಲಿ ಬರುತ್ತವೆ. ವಾಡಿ, ಸೇಡಂ, ಮಳಖೇಡದ ಕಡೆಯ ಸಿಮೆಂಟ್ ಕಾರ್ಖಾನೆಗಳ ದುರಸ್ತಿ ಕೆಲಸವಾದರೆ ಒಂದು, ಎರಡು. ಸಾವಿರಗಟ್ಟಲೆ ಒಂದೇ ಮಾಲು ಮಾಡುವ ಆರ್ಡರ್ ಇಲ್ಲಿ ಅಪರೂಪ. ಹೀಗಿದ್ದರೂ ಮೂರು ನಾಲ್ಕು ಲೇಥ್ ಇರುವ ಬಹುಪಾಲು ಅಂಗಡಿಗಳಲ್ಲಿ ದೊಡ್ಡ ಕಾರ್ಖಾನೆಯ ಮಾದರಿಯಲ್ಲಿ ಕೆಲಸ ಹಂಚುತ್ತಾರೆ. ಒಂದು ಲೇಥ್‌ನಲ್ಲಿ ಫೇಸಿಂಗ್ (ತುದಿಯ ಮೈ ಸಮ ಮಾಡುವುದು) ಮತ್ತು ಬೋರಿಂಗ್ (ರಂಧ್ರವನ್ನು ಅಳತೆಗೆ ತರುವುದು), ಇನ್ನೊಂದರಲ್ಲಿ ಹೊರ ಟರ್ನಿಂಗ್ (ಹೊರಮೈ ಇಳಿಸುವುದು), ಮತ್ತೊಂದರಲ್ಲಿ ಗ್ರೂವ್ (ತೋಡು) ಅಥವಾ ಥ್ರೆಡ್ (ಸ್ಕ್ರೂವಿನ ಸುರುಳಿ). ಟೂಲ್ ಬದಲಿಸುವ ಗೋಜಿಲ್ಲ, ಪ್ರತಿಯೊಬ್ಬನ ಕೈಯೂ ಅವನವನ ಕೆಲಸಕ್ಕೆ ಪಳಗಿರುತ್ತದೆ ಎಂಬುದು ಇದಕ್ಕೆ ಕೊಡುವ ಕಾರಣ. ಮೇಲ್ನೋಟಕ್ಕೆ ಇದು ಸರಿಯೆನಿಸುತ್ತದೆ. ಆದರೆ ಜಾಬ್ ಒಂದು ಚಕ್‌ನಿಂದ ಇಳಿದು ಇನ್ನೊಂದಕ್ಕೆ ಏರುವಾಗ ಏನಾಗುತ್ತದೆ ಎಂಬುದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಒಂದು ದಾಲ್ ಮಿಲ್‌ನಲ್ಲಿ ಸೀಜನ್ ನಡುವೆಯೇ ಬೇರಿಂಗ್ ಮೇಲಿಂದ ಮೇಲೆ ಹೋಗುತ್ತಿತ್ತು. ಬೇರಿಂಗ್ ಕಂಪನಿ ಬದಲಿಸಿದರು, ಗ್ರೀಸ್ ಬದಲಿಸಿದರು, ಬೆಲ್ಟ್ ಹೊಸದು ಹಾಕಿದರು. ಬೆಲ್ಟ್ ಬಡಿದುಕೊಳ್ಳುವುದು ಮಾತ್ರ ನಿಲ್ಲಲಿಲ್ಲ. ನನ್ನನ್ನು ಕರೆದಾಗ ಪುಲ್ಲಿಯನ್ನು ಶಾಫ್ಟ್ ಮೇಲೇ ಇಟ್ಟು, ಸಣ್ಣ ಏರುಪೇರನ್ನೂ ಮುಳ್ಳಿನಿಂದ ತೋರಿಸುವ ಡಯಲ್ ಗೇಜನ್ನು ಗ್ರೂವ್‌ನ ಓರೆ ಮೈಗೆ ತಾಗಿಸಿ ಕೈಯಿಂದ ನಿಧಾನವಾಗಿ ತಿರುಗಿಸಿದೆ. ಒಂದು ಸುತ್ತಿನಲ್ಲಿ ಮುಳ್ಳು ಸುಮಾರು ಅರ್ಧ ಮಿಲಿಮೀಟರ್ ಹೋಗಿ ಬಂತು. ಶಾಫ್ಟ್ ನೇರವಾಗಿಯೇ ಇತ್ತು. ಪುಲ್ಲಿಯ ರಂಧ್ರವೂ ಗುಂಡಾಗಿಯೇ ಇತ್ತು, ಅಳತೆಯೂ ಕರಾರುವಾಕ್ಕಾಗಿತ್ತು. ಗ್ರೂವ್‌ಗಳನ್ನು ನೋಡಿದರೆ ಅವೂ ಚೆನ್ನಾಗಿಯೇ ಇದ್ದವು. ಆದರೆ ರಂಧ್ರದ ಕೇಂದ್ರ ಒಂದು ಕಡೆ, ಗ್ರೂವ್‌ನ ಕೇಂದ್ರ ಇನ್ನೊಂದು ಕಡೆ ಇತ್ತು. ರಂಧ್ರವನ್ನು ಒಂದು ಲೇಥ್‌ನಲ್ಲಿ, ಗ್ರೂವ್‌ಗಳನ್ನು ಇನ್ನೊಂದರಲ್ಲಿ ಕೊರೆದಿದ್ದರು. ಇಬ್ಬರು ಟರ್ನರ್‌ಗಳೂ ತಮ್ಮ ತಮ್ಮ ಕೆಲಸ ಸರಿಯಾಗಿಯೇ ಮಾಡಿದ್ದರು. ತಪ್ಪು ಹುಟ್ಟಿದ್ದು ಅವರಿಬ್ಬರ ನಡುವೆ, ಜಾಬನ್ನು ಬಿಚ್ಚಿ ಮತ್ತೆ ಕಟ್ಟಿದ ಜಾಗದಲ್ಲಿ.

ಮೂರು ದವಡೆಯ ಚಕ್ ತಾನಾಗಿಯೇ ಸೆಂಟರ್ ಮಾಡುತ್ತದೆ ಎಂದು ನಾವೆಲ್ಲ ನಂಬುತ್ತೇವೆ. ಒಳ್ಳೆಯ ಸ್ಥಿತಿಯಲ್ಲಿರುವ ಚಕ್‌ನಲ್ಲಿಯೂ ಬಿಚ್ಚಿ ಮತ್ತೆ ಕಟ್ಟಿದ ಜಾಬ್ 0.05ರಿಂದ 0.1 ಮಿ.ಮೀ.ವರೆಗೆ ಆಚೀಚೆಯಾಗುವುದು ಸಾಮಾನ್ಯ. ದವಡೆ ಸವೆದು ಬಾಯಿ ಅಗಲವಾದ ಹಳೆಯ ಚಕ್‌ಗಳಲ್ಲಿ ಅದು ಇನ್ನೂ ಹೆಚ್ಚು. ನಾಲ್ಕು ದವಡೆಯ ಚಕ್‌ನಲ್ಲಿ ಡಯಲ್ ಹಚ್ಚಿ ಕೂಡಿಸಿದರೆ ಒಂದೆರಡು ನೂರಂಶ ಮಿಲಿಮೀಟರ್‌ವರೆಗೆ ತರಬಹುದು, ಆದರೆ ಅದಕ್ಕೆ ಹೊತ್ತು ಬೇಕು, ಆ ಹೊತ್ತು ಪ್ರತಿ ಜಾಬ್‌ಗೂ ಬೇಕು. ಬೋರ್ ಮುಗಿಸಿ ಮ್ಯಾಂಡ್ರಿಲ್ (ರಂಧ್ರದೊಳಗೆ ಬಿಗಿಯಾಗಿ ಕೂರುವ ದಂಡ) ಮೇಲೆ ಏರಿಸಿ ಹೊರಮೈ ತೆಗೆಯುವ ಹಳೆಯ ಪದ್ಧತಿ ನಿಖರವಾದದ್ದೇ. ಅದನ್ನು ಶ್ರದ್ಧೆಯಿಂದ ಮಾಡುವವರು ಈಗ ಕಡಿಮೆ, ಪ್ರತಿ ಅಳತೆಗೊಂದು ಮ್ಯಾಂಡ್ರಿಲ್ ಇಟ್ಟುಕೊಳ್ಳುವ ಅಂಗಡಿಗಳು ಇನ್ನೂ ಕಡಿಮೆ. ಒಂದೇ ಕಟ್ಟಿನಲ್ಲಿ ರಂಧ್ರ, ಹೊರಮೈ, ಗ್ರೂವ್ ಮೂರನ್ನೂ ತೆಗೆದರೆ ಈ ಯಾವ ಚಿಂತೆಯೂ ಇಲ್ಲ. ಮೂರಕ್ಕೂ ಕೇಂದ್ರ ಚಕ್ ಅನ್ನು ತಿರುಗಿಸುವ ಸ್ಪಿಂಡಲ್‌ನ ಅಕ್ಷವೇ ಆಗಿರುವುದರಿಂದ, ಸ್ಪಿಂಡಲ್ ಬೇರಿಂಗ್ ಚೆನ್ನಾಗಿರುವಷ್ಟು ಕಾಲ ಅವು ಪರಸ್ಪರ ತಪ್ಪುವ ಪ್ರಮೇಯವೇ ಬರುವುದಿಲ್ಲ.

ಇನ್ನು ಹೊತ್ತಿನ ಲೆಕ್ಕ. ಇಪ್ಪತ್ತು ಪುಲ್ಲಿಗಳ ಆರ್ಡರ್ ಎಂದುಕೊಳ್ಳಿ. ಬೀಡಿನ (ಎರಕದ ಕಬ್ಬಿಣದ) ಕಾಸ್ಟಿಂಗನ್ನು ಎತ್ತಿ, ಕಟ್ಟಿ, ಓಡಿಸಿ ನೋಡಿ, ಬಡಿದು ಸರಿಮಾಡಲು ಒಂದು ಸಲಕ್ಕೆ ಆರು ನಿಮಿಷ ಹಿಡಿದರೂ ಮೂರು ಲೇಥ್ ದಾಟುವ ಪುಲ್ಲಿಗೆ ಹದಿನೆಂಟು ನಿಮಿಷ ಬರೀ ಕಟ್ಟಿ ಬಿಚ್ಚುವುದರಲ್ಲೇ ಹೋಗುತ್ತದೆ. ಮುಖ್ಯ ಕೆಲಸವನ್ನೆಲ್ಲ ಒಂದೇ ಕಟ್ಟಿನಲ್ಲಿ ಮುಗಿಸಿ, ಹಬ್‌ನ (ಪುಲ್ಲಿಯ ನಡುಭಾಗದ) ಹಿಂಬದಿಯ ಫೇಸಿಂಗ್‌ಗೆ ಮಾತ್ರ ಮೂರು ನಿಮಿಷದ ಇನ್ನೊಂದು ಕಟ್ಟು ಕಟ್ಟಿದರೆ ಒಂಬತ್ತು ನಿಮಿಷ ಸಾಕು. ಇಪ್ಪತ್ತು ಪುಲ್ಲಿಗೆ ಮೂರು ಗಂಟೆ ಉಳಿಯಿತು. ಇದು ಕಣ್ಣಿಗೆ ಕಾಣುವ ಲೆಕ್ಕ. ಕಾಣದ ಲೆಕ್ಕವೊಂದಿದೆ: ಬೋರ್ ಆದ ಪುಲ್ಲಿಗಳು ಎರಡನೆಯ ಲೇಥ್ ಖಾಲಿಯಾಗುವವರೆಗೆ ನೆಲದ ಮೇಲೆ ರಾಶಿ ಬಿದ್ದಿರುತ್ತವೆ, ಅಲ್ಲಿಂದ ಮೂರನೆಯದಕ್ಕೆ ಹೋಗುವಷ್ಟರಲ್ಲಿ ಇನ್ನೊಂದು ತುರ್ತು ಕೆಲಸ ಬಂದು ಕೂತಿರುತ್ತದೆ. ಗಿರಾಕಿಗೆ ನಾಳೆ ಎಂದು ಹೇಳಿದ ಮಾಲು ವಾರ ದಾಟುವುದು ಕಟಿಂಗ್ ನಿಧಾನವಾದ್ದರಿಂದ ಅಲ್ಲ, ಈ ಕಾಯುವಿಕೆಯಿಂದ. ಜೊತೆಗೆ, ಮೊದಲ ಪುಲ್ಲಿ ಪೂರ್ತಿ ತಯಾರಾಗುವ ಮುಂಚೆಯೇ ಇಪ್ಪತ್ತಕ್ಕೂ ಬೋರ್ ಆಗಿಹೋಗಿರುತ್ತದೆ. ಡ್ರಾಯಿಂಗ್ ಓದುವಲ್ಲಿ ತಪ್ಪಿದ್ದರೆ ಇಪ್ಪತ್ತೂ ಗುಜರಿಗೆ. ಒಂದೊಂದಾಗಿ ಪೂರ್ಣವಾಗಿ ಇಳಿಯುವ ಕ್ರಮದಲ್ಲಿ ತಪ್ಪು ಮೊದಲ ಪುಲ್ಲಿಯಲ್ಲೇ ಸಿಕ್ಕಿಬೀಳುತ್ತದೆ.

ಇದಕ್ಕೆ ಲಕ್ಷಗಟ್ಟಲೆ ರೂಪಾಯಿಯ ಯಂತ್ರ ಬೇಕೇ ಬೇಕು ಎಂಬ ಭಾವನೆ ಇದೆ. ಬೇಕಾಗಿಲ್ಲ. ನಮ್ಮ ಭಾಗದ ಎಷ್ಟೋ ವರ್ಕ್‌ಶಾಪ್‌ಗಳಲ್ಲಿ ಇಂದಿಗೂ ದುಡಿಯುತ್ತಿರುವುದು ಎಚ್‌ಎಂಟಿಯ ಹಳೆಯ ಲೇಥ್‌ಗಳು. 1953ರಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಸಹಯೋಗದಲ್ಲಿ ಬೆಂಗಳೂರಿನಲ್ಲಿ ಶುರುವಾದ ಆ ಕಾರ್ಖಾನೆ ದೇಶಕ್ಕೆ ಕೊಟ್ಟ ಲೇಥ್‌ಗಳ ಗಟ್ಟಿತನದ ಬಗ್ಗೆ ಯಾವ ಟರ್ನರ್‌ಗೂ ಹೇಳಿಕೊಡಬೇಕಾಗಿಲ್ಲ. ಅಂಥ ಲೇಥ್‌ನ ನಾಲ್ಕು ಮುಖದ ಟೂಲ್‌ಪೋಸ್ಟ್‌ನಲ್ಲಿ (ಟೂಲ್ ಹಿಡಿದಿಡುವ ಭಾಗ) ಫೇಸಿಂಗ್, ಟರ್ನಿಂಗ್, ಬೋರಿಂಗ್, ಗ್ರೂವಿಂಗ್ ಟೂಲ್‌ಗಳನ್ನು ಒಮ್ಮೆಗೇ ಸೆಂಟರ್ ಎತ್ತರಕ್ಕೆ ಕೂಡಿಸಿಟ್ಟರೆ, ಒಂದರಿಂದ ಇನ್ನೊಂದಕ್ಕೆ ಹೋಗಲು ಹಿಡಿಕೆ ಸಡಿಲಿಸಿ ತಿರುಗಿಸುವಷ್ಟೇ ಕೆಲಸ. ಪ್ರತಿ ಸಲ ಟೂಲ್ ಬಿಚ್ಚಿ, ಕೆಳಗೆ ತಗಡಿನ ತುಂಡು ಸೇರಿಸಿ ಎತ್ತರ ಹೊಂದಿಸುವ ನಮ್ಮ ರೂಢಿಯೇ ಟೂಲ್ ಬದಲಾವಣೆಯ ಬಗ್ಗೆ ಬೇಸರ ಹುಟ್ಟಿಸಿದ್ದು. ಕ್ವಿಕ್ ಚೇಂಜ್ ಟೂಲ್‌ಪೋಸ್ಟ್ ಹಾಕಿಸಿ ಐದಾರು ಹೋಲ್ಡರ್ ಇಟ್ಟುಕೊಂಡರೆ ಆ ಎತ್ತರ ಹೋಲ್ಡರ್‌ನಲ್ಲೇ ಉಳಿಯುತ್ತದೆ. ಚಕ್‌ನ ಎದುರು ತುದಿಯ ಟೇಲ್‌ಸ್ಟಾಕ್‌ಗೆ ಸಣ್ಣ ಟರೆಟ್ (ಹಲವು ಟೂಲ್ ಹಿಡಿದು ತಿರುಗುವ ತಲೆ) ಜೋಡಿಸಿದರೆ ಸೆಂಟರ್ ಡ್ರಿಲ್, ಡ್ರಿಲ್, ರೀಮರ್ ಒಂದರ ಹಿಂದೆ ಒಂದು ಬರುತ್ತವೆ. ಬೆಡ್ ಮೇಲೆ ಸ್ಟಾಪರ್ ಕೂಡಿಸಿದರೆ ಎರಡನೆಯ ಜಾಬ್‌ನಿಂದ ಉದ್ದ ಅಳೆಯುವ ಕೆಲಸವೇ ಇಲ್ಲ. ಗ್ರೂವ್ ಟೂಲ್‌ನಲ್ಲಿಯೇ ಪಕ್ಕಕ್ಕೂ ಟರ್ನಿಂಗ್ ಮಾಡಬಹುದಾದ ಇನ್ಸರ್ಟ್‌ಗಳು, ರಂಧ್ರ ಕೊರೆಯುತ್ತಲೇ ಅದರ ಬಾಯಿಗೆ ಚ್ಯಾಂಫರ್ (ಓರೆ ಅಂಚು) ಕೊಡುವ ಡ್ರಿಲ್‌ಗಳು ಈಗ ಬಂದಿವೆ. ಎರಡು ಮೂರು ಟೂಲ್‌ಗಳ ಕೆಲಸವನ್ನು ಒಂದೇ ಮಾಡುತ್ತದೆ.

ಪುಲ್ಲಿಯ ಕೀ ವೇಗೆ (ಪುಲ್ಲಿಯನ್ನು ಶಾಫ್ಟ್‌ಗೆ ಸಿಕ್ಕಿಸುವ ಕೀ ಕೂರುವ ತೋಡು) ಕೂಡ ಎಲ್ಲ ಸಲ ಸ್ಲಾಟಿಂಗ್ ಮಷೀನ್ ಹುಡುಕಿಕೊಂಡು ಹೋಗಬೇಕಾಗಿಲ್ಲ. ಮುಖ್ಯ ಸ್ವಿಚ್ ಬಂದ್ ಮಾಡಿ, ಸ್ಪಿಂಡಲ್ ಅಲುಗದಂತೆ ಲಾಕ್ ಮಾಡಿ, ಟೂಲನ್ನು ಅಡ್ಡಲಾಗಿ ಕಟ್ಟಿ, ಟೂಲ್ ಹೊತ್ತ ಕ್ಯಾರೇಜನ್ನು ಕೈಯಿಂದ ಹಿಂದೆ ಮುಂದೆ ಓಡಿಸುತ್ತ ಕೂದಲೆಳೆಯಷ್ಟೇ ಕಟ್ ಕೊಟ್ಟು ಕೀ ವೇ ತೆಗೆಯುವ ಹಿರಿಯ ಟರ್ನರ್‌ಗಳನ್ನು ನಾನು ನೋಡಿದ್ದೇನೆ, ಅವರಿಂದ ಕಲಿತಿದ್ದೇನೆ. ಕ್ಯಾರೇಜಿನ ಹಲ್ಲುಗಳ ಮೇಲೆ ಹೊರೆ ಬೀಳುವುದರಿಂದ ದಿನವಿಡೀ ಮಾಡುವ ಕೆಲಸ ಅದಲ್ಲ. ನಾಲ್ಕೈದು ಪುಲ್ಲಿಗಳಿಗೆ ಅದರಷ್ಟು ಅನುಕೂಲ ಇನ್ನೊಂದಿಲ್ಲ.

ಈ ವಿಚಾರ ಹೊಸದೂ ಅಲ್ಲ. ಅಮೆರಿಕದ ಸ್ಟೀಫನ್ ಫಿಚ್ ಎಂಬುವರು ಪಿಸ್ತೂಲಿನ ಸ್ಕ್ರೂಗಳನ್ನು ಮಾಡಲು 1845ರ ಸುಮಾರಿಗೆ ಹಲವು ಟೂಲ್‌ಗಳನ್ನು ತಿರುಗುವ ಟರೆಟ್‌ನಲ್ಲಿ ಕೂಡಿಸಿದ ಲೇಥ್ ಕಟ್ಟಿದರು. ಅದೇ ವಂಶದ ಕ್ಯಾಪ್‌ಸ್ಟನ್ ಲೇಥ್‌ನಲ್ಲಿ ಆರು ಮುಖದ ಟರೆಟ್, ಮುಂದೆ ನಾಲ್ಕು ಟೂಲಿನ ಪೋಸ್ಟ್, ಹಿಂದೆ ತಲೆಕೆಳಗಾಗಿ ಕಟ್ಟಿದ ಪಾರ್ಟಿಂಗ್ (ಕತ್ತರಿಸಿ ಬೇರ್ಪಡಿಸುವ) ಟೂಲ್ ಹೀಗೆ ಹನ್ನೊಂದು ಟೂಲ್‌ಗಳು ಒಂದೇ ಜಾಬ್‌ಗಾಗಿ ಸಾಲಾಗಿ ನಿಂತಿರುತ್ತವೆ. ಟರೆಟ್‌ನಿಂದ ರಂಧ್ರ ಕೊರೆಯುತ್ತಿರುವಾಗಲೇ ಮುಂದಿನ ಪೋಸ್ಟ್‌ನಿಂದ ಹೊರಮೈ ಇಳಿಸುವ ಅನುಕೂಲವೂ ಅದರಲ್ಲಿದೆ. ಇಲ್ಲೊಂದು ಎಚ್ಚರಿಕೆ ಬೇಕು. ಎರಡು ಟೂಲ್ ಒಟ್ಟಿಗೆ ಕಟ್ ಮಾಡುವಾಗ ಸ್ಪಿಂಡಲ್ ವೇಗ ಒಂದೇ ಆಗಿರುತ್ತದೆ. ನಿಮಿಷಕ್ಕೆ ನೂರು ಸುತ್ತಿನಲ್ಲಿ 200 ಮಿ.ಮೀ. ವ್ಯಾಸದ ಹೊರಮೈಯಲ್ಲಿ ಟೂಲ್ ನಿಮಿಷಕ್ಕೆ ಸುಮಾರು 63 ಮೀಟರ್ ಲೋಹ ದಾಟಿದರೆ, 40 ಮಿ.ಮೀ. ರಂಧ್ರದಲ್ಲಿ 12.5 ಮೀಟರ್ ಅಷ್ಟೇ ದಾಟುತ್ತದೆ. ಒಂದಕ್ಕೆ ಹೊಂದಿದ ವೇಗ ಇನ್ನೊಂದಕ್ಕೆ ಹೊಂದುವುದಿಲ್ಲ. ಆದ್ದರಿಂದ ಹೊರಗಿನದಕ್ಕೆ ಕಾರ್ಬೈಡ್, ಒಳಗಿನದಕ್ಕೆ ಹೈಸ್ಪೀಡ್ ಸ್ಟೀಲ್ ಡ್ರಿಲ್ ಇಟ್ಟುಕೊಂಡು, ಮೋಟಾರಿನ ಶಕ್ತಿ ಎರಡಕ್ಕೂ ಸಾಲುತ್ತದೆಯೇ ಎಂದು ನೋಡಿಯೇ ಮುಂದುವರಿಯಬೇಕು.

ಕಂಪ್ಯೂಟರ್ ನಿಯಂತ್ರಿಸುವ ಸಿಎನ್‌ಸಿ ಟರ್ನಿಂಗ್ ಸೆಂಟರ್‌ಗಳಲ್ಲಿ ಈ ವಿಚಾರ ತನ್ನ ಪೂರ್ಣ ರೂಪಕ್ಕೆ ಬಂದಿದೆ. ಎಂಟು ಅಥವಾ ಹನ್ನೆರಡು ಟೂಲ್‌ಗಳ ಟರೆಟ್ ಕ್ಷಣದಲ್ಲಿ ತಿರುಗುತ್ತದೆ, ವ್ಯಾಸ ಬದಲಾದಂತೆ ಸ್ಪಿಂಡಲ್ ವೇಗ ತಾನಾಗಿಯೇ ಬದಲಾಗುತ್ತದೆ. ತಾನೇ ತಿರುಗುವ ಟೂಲ್ ಇರುವ ಯಂತ್ರದಲ್ಲಿ ಅಡ್ಡ ರಂಧ್ರ, ಗ್ರಬ್ ಸ್ಕ್ರೂವಿನ ಥ್ರೆಡ್ ಕೂಡ ಅಲ್ಲೇ ಆಗುತ್ತವೆ. ಎರಡನೆಯ ಸ್ಪಿಂಡಲ್ ಇದ್ದರೆ ಜಾಬನ್ನು ಅದು ತಾನೇ ಹಿಡಿದು ಹಿಂಬದಿಯನ್ನೂ ಮುಗಿಸಿ ಕೊಡುತ್ತದೆ. ಹೀಗಿದ್ದರೂ ಸಿಎನ್‌ಸಿ ತಂದು ಅದರಲ್ಲಿ ಬರೀ ಹೊರ ಟರ್ನಿಂಗ್ ಮಾಡಿಸಿ, ಡ್ರಿಲ್ಲಿಂಗ್‌ಗೆ ಪಕ್ಕದ ಹಳೆಯ ಯಂತ್ರಕ್ಕೆ ಕಳಿಸುವ ಅಂಗಡಿಗಳನ್ನು ನೋಡಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಸಾಲ ಮಾಡಿ ಯಂತ್ರ ತಂದವರು ಬೋರಿಂಗ್ ಬಾರ್, ಹೋಲ್ಡರ್, ಸಾಫ್ಟ್ ಜಾ (ಜಾಬಿಗೆ ತಕ್ಕಂತೆ ಕೊರೆದುಕೊಳ್ಳಬಹುದಾದ ಚಕ್‌ನ ದವಡೆ) ಇವುಗಳಿಗೆ ಹಣ ಎತ್ತಿಟ್ಟಿರುವುದಿಲ್ಲ. ಹನ್ನೆರಡು ಮನೆಗಳ ಟರೆಟ್‌ನಲ್ಲಿ ಮೂರು ಟೂಲ್ ಮಾತ್ರ ಕೂತಿರುತ್ತವೆ. ಎರಡನೆಯ ಕಟ್ಟು ಅನಿವಾರ್ಯವಾದಾಗ, ಅದೇ ಯಂತ್ರದ ಮೇಲೆ ಜಾಬಿನ ವ್ಯಾಸಕ್ಕೆ ಬೋರ್ ಮಾಡಿಕೊಂಡ ಸಾಫ್ಟ್ ಜಾ ಇದ್ದರೆ ಒಂದೆರಡು ನೂರಂಶ ಮಿಲಿಮೀಟರ್‌ನ ಒಳಗೇ ಸೆಂಟರ್ ಸಿಗುತ್ತದೆ. ಯಂತ್ರದ ಬೆಲೆಯ ಮುಂದೆ ಅದರ ಖರ್ಚು ಏನೂ ಅಲ್ಲ.

ನಮ್ಮ ಊರಿಗೇ ಸಂಬಂಧಿಸಿದ ಒಂದು ಮಾತನ್ನು ಇಲ್ಲಿ ಸೇರಿಸಲೇಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿನ ಬಿಸಿಲು ನಲವತ್ತು ಡಿಗ್ರಿ ದಾಟುತ್ತದೆ, ತಗಡಿನ ಶೆಡ್ಡಿನೊಳಗೆ ಇನ್ನೂ ಹೆಚ್ಚು. ಒಂದೇ ಕಟ್ಟಿನಲ್ಲಿ ಎಲ್ಲ ಕಟ್‌ಗಳನ್ನೂ ಬೆನ್ನು ಬೆನ್ನಿಗೆ ತೆಗೆಯುವಾಗ ಜಾಬ್ ತಣ್ಣಗಾಗಲು ಬಿಡುವೇ ಸಿಗುವುದಿಲ್ಲ. 200 ಮಿ.ಮೀ. ವ್ಯಾಸದ ಬೀಡಿನ ಪುಲ್ಲಿ ಮೂವತ್ತು ಡಿಗ್ರಿ ಹೆಚ್ಚು ಬಿಸಿಯಾದರೆ ಸುಮಾರು 0.06 ಮಿ.ಮೀ. ಹಿಗ್ಗುತ್ತದೆ. ಆ ಬಿಸಿಯಲ್ಲೇ ಮೈಕ್ರೋಮೀಟರ್ ಹಚ್ಚಿ ಸರಿ ಎಂದು ಇಳಿಸಿದ ಜಾಬ್ ಮರುದಿನ ಬೆಳಿಗ್ಗೆ ಅಳತೆಗಿಂತ ಸಣ್ಣದಾಗಿರುತ್ತದೆ. ಆದ್ದರಿಂದ ಕ್ರಮ ಮುಖ್ಯ. ಒಳಗೂ ಹೊರಗೂ ರಫ್ ಕಟ್‌ಗಳನ್ನೆಲ್ಲ ಮೊದಲು ತೆಗೆಯಬೇಕು. ಕಾಸ್ಟಿಂಗ್‌ನ ಮೇಲ್ಪದರ ಹೋದಾಗ ಅದು ತುಸು ಸೊಟ್ಟಗಾಗುವುದಿದ್ದರೆ ಆಗಲೇ ಸೊಟ್ಟಗಾಗಲಿ. ನಂತರ ಸ್ವಲ್ಪ ಹೊತ್ತು ಬಿಟ್ಟು, ಆ ಬಿಡುವಿನಲ್ಲಿ ಮುಂದಿನ ಕಾಸ್ಟಿಂಗನ್ನು ಉಜ್ಜಿ ಸಿದ್ಧಮಾಡಿಕೊಂಡು, ಕೊನೆಗೆ ಬೋರ್, ಹೊರಮೈ ಮತ್ತು ಗ್ರೂವ್‌ನ ಫಿನಿಷ್ ಕಟ್ ತೆಗೆಯಬೇಕು. ಒಂದನ್ನು ಪೂರ್ತಿ ಫಿನಿಷ್ ಮಾಡಿ ಆಮೇಲೆ ಇನ್ನೊಂದಕ್ಕೆ ರಫ್ ಕಟ್ ಕೊಟ್ಟರೆ ಒಂದೇ ಕಟ್ಟಿನ ಲಾಭವೆಲ್ಲ ಹಾಳಾಗುತ್ತದೆ.

ಎಲ್ಲ ಕಡೆಗೂ ಇದೇ ಪದ್ಧತಿ ಎಂದು ನಾನು ವಾದಿಸುತ್ತಿಲ್ಲ. ಹೀಟ್ ಟ್ರೀಟ್‌ಮೆಂಟ್ ನಡುವೆ ಬರುವ ಶಾಫ್ಟನ್ನು ಬಿಚ್ಚಲೇಬೇಕು. ಸಾವಿರಾರು ಒಂದೇ ಮಾಲಿನ ಆರ್ಡರ್ ಇದ್ದರೆ ಕೆಲಸವನ್ನು ಸಮನಾಗಿ ಎರಡು ಲೇಥ್‌ಗೆ ಹಂಚುವುದೇ ವೇಗ. ಎಲ್ಲ ಕೆಲಸ ಒಂದೇ ಯಂತ್ರದ ಮೇಲೆ ನಿಂತಾಗ ಒಂದು ಟೂಲ್ ಮುರಿದರೂ ಎಲ್ಲವೂ ನಿಲ್ಲುತ್ತದೆ ಎಂಬುದೂ ನಿಜ. ನಮ್ಮಂಥ ಸಣ್ಣ ಸಣ್ಣ ಆರ್ಡರ್‌ಗಳ ಊರಿಗೆ ಈ ಅಡ್ಡಿಗಳು ಅಷ್ಟಾಗಿ ತಟ್ಟುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಇಷ್ಟು ಸರಳವಾದದ್ದು ಏಕೆ ನಡೆಯುತ್ತಿಲ್ಲ ಎಂದು ಯೋಚಿಸಿದರೆ ಬಿಲ್ ಮಾಡುವ ರೀತಿಯ ಬಳಿಗೇ ಬಂದು ನಿಲ್ಲಬೇಕಾಗುತ್ತದೆ. ನಮ್ಮಲ್ಲಿ ಫೇಸಿಂಗ್‌ಗೆ ಇಷ್ಟು, ಬೋರಿಂಗ್‌ಗೆ ಇಷ್ಟು, ಗ್ರೂವ್ ಒಂದಕ್ಕೆ ಇಷ್ಟು ಎಂದು ಆಪರೇಷನ್ ಲೆಕ್ಕದಲ್ಲಿ ದರ ಹಿಡಿಯುತ್ತಾರೆ. ಎಷ್ಟೋ ಕಡೆ ಟರ್ನರ್‌ನ ಕೂಲಿಯೂ ಅದೇ ಲೆಕ್ಕದಲ್ಲಿದೆ. ಹೀಗಾದಾಗ ದಿನವಿಡೀ ಫೇಸಿಂಗ್ ಮಾಡಿ ಎಣಿಕೆ ಹೆಚ್ಚಿಸಿಕೊಂಡವನಿಗೆ ಲಾಭ, ಒಂದು ಜಾಬನ್ನು ತಲೆಯಿಂದ ಬುಡದವರೆಗೆ ಯೋಚಿಸಿ ಮುಗಿಸುವವನಿಗೆ ನಷ್ಟ. ಪೂರ್ಣಗೊಂಡು ಪರೀಕ್ಷೆಯಲ್ಲಿ ಪಾಸಾದ ಜಾಬ್‌ಗೆ ದರ ನಿಗದಿಯಾದರೆ ಟರ್ನರ್ ತಾನಾಗಿಯೇ ಟೂಲ್‌ಗಳನ್ನು ಸಾಲಾಗಿ ಇಟ್ಟುಕೊಳ್ಳಲು ಕಲಿಯುತ್ತಾನೆ. ಕೆಲಸ ಒಗ್ಗೂಡಿಸಿದರೆ ಮೂವರಲ್ಲಿ ಇಬ್ಬರ ಹೊಟ್ಟೆಗೆ ಹೊಡೆತ ಬೀಳುತ್ತದೆ ಎಂಬ ಭಯ ಕೆಲಸಗಾರರಲ್ಲಿದೆ; ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಮೂವರೂ ತಮ್ಮ ತಮ್ಮ ಲೇಥ್‌ನಲ್ಲಿ ಪೂರ್ತಿ ಪುಲ್ಲಿ ಮಾಡಿದರೆ ಮೂವರಿಗೂ ಕೆಲಸ ಇರುತ್ತದೆ, ಮೂವರೂ ಪೂರ್ತಿ ಟರ್ನರ್‌ಗಳಾಗುತ್ತಾರೆ. ಇಂದು ಮಿಲ್ ಮಾಲೀಕರು ಸ್ವಲ್ಪ ನಿಖರವಾದ ಕೆಲಸ ಎಂದ ಕೂಡಲೇ ಸೊಲ್ಲಾಪುರಕ್ಕೋ ಹೈದರಾಬಾದಿಗೋ ಮಾಲು ಕಳಿಸುತ್ತಾರೆ. ಆ ಕೆಲಸ ಇಲ್ಲೇ ಉಳಿದರೆ ಇನ್ನಷ್ಟು ಕೈಗಳು ಬೇಕಾಗುತ್ತವೆ.

ಐಟಿಐಗಳಲ್ಲಿ ಟರ್ನರ್ ಕೋರ್ಸ್ ಎರಡು ವರ್ಷದ್ದು. ಶುರುವಿನಲ್ಲಿ ಫೇಸಿಂಗ್, ಸ್ಟೆಪ್ ಟರ್ನಿಂಗ್, ಟೇಪರ್, ಥ್ರೆಡ್ ಎಂದು ಒಂದೊಂದಾಗಿ ಕಲಿಸುವುದು ಸರಿಯೇ. ಎರಡನೆಯ ವರ್ಷದಲ್ಲಾದರೂ ವಿದ್ಯಾರ್ಥಿಯ ಕೈಗೆ ಡ್ರಾಯಿಂಗ್ ಕೊಟ್ಟು, ಯಂತ್ರ ಮುಟ್ಟುವ ಮುಂಚೆ ಕಾಗದದ ಮೇಲೆ ಕೆಲಸದ ಕ್ರಮ ಬರೆಸಿ, ಎಷ್ಟು ಕಟ್ಟಿನಲ್ಲಿ ಮುಗಿಸುತ್ತೀಯ, ಯಾವ ಮೈಗಳನ್ನು ಒಟ್ಟಿಗೆ ತೆಗೆಯುತ್ತೀಯ, ಏಕೆ ಎಂದು ಬೋಧಕರು ಕೇಳಬೇಕು. ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಟಾಟಾ ಟೆಕ್ನಾಲಜೀಸ್ ಸಹಯೋಗದಲ್ಲಿ ಮೇಲ್ದರ್ಜೆಗೇರಿಸಿ ಸಿಎನ್‌ಸಿ ಯಂತ್ರಗಳನ್ನು ಕೊಡಲಾಗಿದೆ; ಕಲಿಸುವ ಕ್ರಮ ಬದಲಾಗದಿದ್ದರೆ ಆ ಯಂತ್ರಗಳ ಮೇಲೂ ಒಂದೊಂದೇ ಆಪರೇಷನ್‌ನ ಅಭ್ಯಾಸ ನಡೆಯುತ್ತದೆ. ಕಲಬುರಗಿಯಲ್ಲಿರುವ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರದವರು ಸಂಜೆಯ ಹೊತ್ತಿನಲ್ಲಿ ಸ್ಥಳೀಯ ವರ್ಕ್‌ಶಾಪ್‌ಗಳ ಟರ್ನರ್‌ಗಳಿಗೆ, ಮುಖ್ಯವಾಗಿ ಓದು ಕಡಿಮೆಯಿದ್ದರೂ ಕೈ ಪಳಗಿದವರಿಗೆ, ಕೆಲಸದ ಕ್ರಮ ಯೋಜಿಸುವ ಬಗ್ಗೆ ಕನ್ನಡದಲ್ಲಿ ಕಿರು ತರಬೇತಿ ನಡೆಸಲಿ ಎಂದು ವಿನಂತಿಸುತ್ತೇನೆ.

ಕೇಂದ್ರದ ಸಣ್ಣ ಉದ್ಯಮಗಳ ಕ್ಲಸ್ಟರ್ ಯೋಜನೆಯಲ್ಲಿ ಸಾಮಾನ್ಯ ಸೌಲಭ್ಯ ಕೇಂದ್ರಗಳಿಗೆ ನೆರವು ಸಿಗುತ್ತದೆ. ಕಪನೂರ ಅಥವಾ ನಂದೂರ ಕೈಗಾರಿಕಾ ಪ್ರದೇಶದಲ್ಲಿ ಅಂಥದ್ದೊಂದು ಕೇಂದ್ರ ಮಾಡಿ, ತಾನೇ ತಿರುಗುವ ಟೂಲ್ ಇರುವ ಒಂದೇ ಒಂದು ಟರ್ನಿಂಗ್ ಸೆಂಟರನ್ನು ಪೂರ್ಣ ಟೂಲಿಂಗ್ ಸಮೇತ ಇಟ್ಟು, ಗಂಟೆಯ ಬಾಡಿಗೆಗೆ ಕೊಟ್ಟರೆ ನಮ್ಮಂಥ ಹತ್ತಾರು ಅಂಗಡಿಗಳಿಗೆ ಅದು ಸಾಕು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಹಣದಲ್ಲಿ ಯಂತ್ರ ಕೊಳ್ಳುವ ಪ್ರಸ್ತಾವನೆಗಳು ಬಂದಾಗ, ಯಂತ್ರದ ಜೊತೆಗೆ ಹೋಲ್ಡರ್, ಸಾಫ್ಟ್ ಜಾ, ಡಯಲ್ ಗೇಜ್ ಮತ್ತು ಅಳತೆ ಉಪಕರಣಗಳ ಪಟ್ಟಿಯೂ ಅದೇ ಅಂದಾಜು ಪತ್ರದಲ್ಲಿ ಇರುವುದನ್ನು ಅಧಿಕಾರಿಗಳು ಕಡ್ಡಾಯ ಮಾಡಲಿ. ತೊಗರಿ ರಾಶಿ ಮುಗಿದು ಮಿಲ್‌ಗಳು ಹಗಲು ರಾತ್ರಿ ಓಡುವ ಕಾಲಕ್ಕೆ ಮುಂಚೆಯೇ ದುರಸ್ತಿ ಕೆಲಸಗಳು ನಮ್ಮ ಬಳಿಗೆ ಬರುತ್ತವೆ. ಈ ವರ್ಷದ ಸೀಜನ್‌ಗೆ ಮುಂಚೆ ಕನಿಷ್ಠ ಆ ಸಂಜೆ ತರಬೇತಿಯಾದರೂ ಶುರುವಾಗಬೇಕೆಂದು ಸಂಬಂಧಪಟ್ಟವರನ್ನು ನಿಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

ಇಂತಿ ನಿಮ್ಮ ಓದುಗ,
ಸಣ್ಣ ವರ್ಕ್‌ಶಾಪ್‌ನ ಮಾಲೀಕ,
ಕಪನೂರ, ಕಲಬುರಗಿ